ಕುಸುಬಿ ಎಣ್ಣೆ ಮತ್ತು ಹನ್ನೊಂದು ತಿಂಗಳ ಪಗಾರ

ಪರಸಪ್ಪನಿಗೆ ಹನ್ನೊಂದು ತಿಂಗಳ ಪಗಾರ ಇನ್ನೂ ಬರಬೇಕು. ತಿಂಗಳಿಗೆ ಮೂವತ್ತು ರೂಪಾಯಿ. ಕೊಡಬೇಕಾದವರು ವಿಜಾಪುರದ ದೊಡ್ಡ ಮಂದಿ; ಹಳೇ ವಸ್ತು ಕೂಡಿಡುತ್ತೇವೆಂದು ಮಂಡಳಿ ಕಟ್ಟಿಕೊಂಡು, ಕೋಟೆಗೋಡೆಯ ಮಗ್ಗುಲಿನ ಮುರುಕು ಕುದುರೆಲಾಯಕ್ಕೆ ಸುಣ್ಣ ಬಳಿಸಿ ಮ್ಯೂಜಿಯಂ ಅಂದವರು. ಅದರ ಬಾಗಿಲು ತೆಗೆಯಲು, ಕಸ ಹೊಡೆಯಲು, ಕಾವಲು ಕೂಡಲು ೧೯೫೮ರಲ್ಲಿ ಪರಸಪ್ಪನನ್ನು ಇಟ್ಟುಕೊಂಡರು. ತಿಕೋಟಾದವನು. ಯಾವ ಓಣಿ ಎಂದು ಕೇಳಬೇಡಿ, ಊರ ಹೊರಗಿನದು.

ವಾರಕ್ಕೊಮ್ಮೆ, ಸೋಮವಾರ ರಜೆಯ ದಿನ, ತಿಕೋಟಾಕ್ಕೆ ಹೋಗಿ ಹೆಂಡತಿ ಮಾಳವ್ವನ ಕೈಯ ರೊಟ್ಟಿ ತಿಂದು ಬರುತ್ತಿದ್ದ. ಉಳಿದ ಆರು ದಿನ ಲಾಯದ ಕಟ್ಟೆಯ ಮೇಲೇ ವಾಸ. ಒಳಗೆ ತುಕ್ಕು ಹಿಡಿದ ಖಡ್ಗ, ಒಡಕು ಹೂಜಿ, ಗೆದ್ದಲು ತಿಂದ ಕಾಗದ. ಕಾಗದದ ನಡುವೆ ಬೇವಿನೆಲೆ ಇಡಬೇಕೆಂದು ಯಾರೂ ಹೇಳಿರಲಿಲ್ಲ. ಜೋಳದ ಚೀಲಕ್ಕೆ ಅವ್ವ ಇಡುತ್ತಿದ್ದುದನ್ನು ಕಂಡವನು ತಾನೇ ಇಟ್ಟ. ನೋಡಲು ಬಂದವರ ಲೆಕ್ಕಕ್ಕೆ ವಹಿಯಲ್ಲಿ ಗೀಟು ಎಳೆಯುತ್ತಿದ್ದ. ಇಪ್ಪತ್ತು ದಿನ ಒಂದೂ ಗೀಟಿಲ್ಲದೆ ಹೋದದ್ದುಂಟು. ಬಾಯಿ ಕಟ್ಟಿಹೋದೀತೆಂದು ಖಡ್ಗಗಳನ್ನೇ ಬೈಯುತ್ತ ಕೂಡುತ್ತಿದ್ದ.

ತಪ್ಪದೆ ಬರುತ್ತಿದ್ದವಳು ಒಬ್ಬಳೇ. ಬಬಲೇಶ್ವರದ ಕಾಳವ್ವ, ಹತ್ತೆಕರೆ ಹೊಲದ ಒಕ್ಕಲಗಿತ್ತಿ, ಅರವತ್ತು ದಾಟಿದಾಕೆ. ಆಕೆಯ ಹೊಲದ ಬದುವಿನಲ್ಲಿದ್ದ ವೀರಗಲ್ಲನ್ನು ಮಂಡಳಿಯವರು ಚಕ್ಕಡಿಯಲ್ಲಿ ಹೇರಿಕೊಂಡು ಬಂದಿದ್ದರು. ಅವರಿಗೆ ಅದು ಶಾಸನ, ಆಕೆಗೆ ಮನೆದೇವರು. ಪ್ರತಿ ಅಮಾವಾಸ್ಯೆಗೆ ಕುಸುಬಿ ಎಣ್ಣೆಯ ಬಾಟ್ಲಿ ಹಿಡಿದು ಬಸ್ಸಿಳಿಯುತ್ತಿದ್ದಳು. ಜಗಳ ಪ್ರತಿ ಸಲವೂ ಅದೇ.

"ಯವ್ವಾ, ಎಣ್ಣಿ ಬ್ಯಾಡ್ರಿ. ಒಣಗಿದ್ರ ಅಂಟು ಆಗಿ ಅಕ್ಷರದಾಗ ಕೂಡತೈತಿ."

"ನಮ್ಮ ಹಿರ್ಯಾರು ಕಾಲದಿಂದ ಹಚ್ಯಾರ. ಅಕ್ಷರ ಎಲ್ಲಿ ಓಡಿ ಹೋಗ್ಯಾವೋ?"

"ಓಡಿಲ್ರಿ, ಮುಚ್ಚಿಕೊಂಡಿದ್ವು. ಜ್ವಾಳದ ಹಿಟ್ಟು ಮೆತ್ತಿ ಮೆತ್ತಿ ಎಣ್ಣಿ ಹೀರಿಸಿ, ನಾಕು ತಿಂಗಳು ಕುಂತು ತಗದೇನಿ."

"ಹಿಟ್ಟು ಹೆಚ್ಚಾಗೇತೇನಲೇ ಪರಸ್ಯಾ? ಕಲ್ಲಿಗೆ ರೊಟ್ಟಿ ಬಡ್ಯಾಕತ್ತಿ!"

ಆಮೇಲೆ ಬಾಟ್ಲಿಯನ್ನು ಹಾಗೇ ಪಕ್ಕಕ್ಕಿಟ್ಟು, ಅವನಿಂದ ಎರಡು ಮಾರು ದೂರ ಕುಳಿತು ಸೊಸೆಯ ಸುದ್ದಿ, ಎಮ್ಮೆಯ ಸುದ್ದಿ ಹೇಳುತ್ತಿದ್ದಳು. ಹುರಿದ ಶೇಂಗಾವನ್ನು ಅವನ ಟವಲಿಗೆ ಮೇಲಿನಿಂದ ಸುರಿಯುತ್ತಿದ್ದಳು. ಮೇಲಿನಿಂದ ಯಾಕೆ ಎಂಬುದು ಇಬ್ಬರಿಗೂ ಗೊತ್ತು. ಆ ಕಲ್ಲು ಊರಲ್ಲಿದ್ದಾಗ ಪರಸಪ್ಪನಂಥವನು ಅದರ ನೆರಳಿಗೂ ನಿಲ್ಲುವಂತಿರಲಿಲ್ಲ; ಇಲ್ಲಿ ಮುಟ್ಟುವ ಹಕ್ಕು ಅವನೊಬ್ಬನದೇ. ದಿನಾ ಬೆಳಿಗ್ಗೆ ಮಾಳವ್ವನ ಹಳೇ ಸೀರೆಯ ಚೂರಿನಿಂದ ಮೈ ಒರೆಸಿ, ನವಿಲುಗರಿಯಿಂದ ಅಕ್ಷರಗಳ ಧೂಳು ತೆಗೆಯುತ್ತಿದ್ದ.

೧೯೬೨ರ ಕೊನೆಗೆ ಮಂಡಳಿಯ ಕಾರ್ಯದರ್ಶಿ ವಕೀಲ ಹಣಮಂತರಾಯರು ಹೇಳಿ ಕಳಿಸಿದರು: ಹೊಸ ವರ್ಷಕ್ಕೆ ಬಂದು ನೋಡುತ್ತೇನೆ, ಎಲ್ಲ ನೆಟ್ಟಗಿದ್ದರೆ ನೌಕರಿ ಕಾಯಂ, ಬಾಕಿ ಪಗಾರವೂ ಒಟ್ಟಿಗೇ. ಆಗಲೇ ಹತ್ತು ತಿಂಗಳು ಬಾಕಿ. ಮಾಳವ್ವ ಕೂಲಿಗೆ ಹೋಗಿ ಮನೆ ನಡೆಸುತ್ತಿದ್ದಳು.

ಆ ಹೊತ್ತಿಗೆ ಎರಡು ಅಮಾವಾಸ್ಯೆಯಿಂದ ಕಾಳವ್ವ ಬಂದಿರಲಿಲ್ಲ. ಮೂರನೆಯದರ ದಿನ, ತಿಕೋಟಾ ಬಸ್ಸು ಇಳಿಯುತ್ತಿದ್ದ ಪರಸಪ್ಪನ ಕೈಗೆ ಬಬಲೇಶ್ವರ ಬಸ್ಸಿನ ಕಂಡಕ್ಟರ್ ತುಕಾರಾಮ ಒಂದು ಬಾಟ್ಲಿ ಕೊಟ್ಟ.

"ನಿಮ್ಮ ಕಾಳವ್ವ ಕೊಟ್ಟಾಳ. ಬಿದ್ದು ಕಾಲು ಮುರಕೊಂಡಾಳ. ಪರಸ್ಯಾಗ ಒಂದ ಸಲ ಹಚ್ಚಂತ ಹೇಳು ಅಂದಾಳಪಾ."

ಬಾಟ್ಲಿಯನ್ನು ಸಂಜೆತನಕ ಮೂಲೆಯಲ್ಲಿಟ್ಟ. ವಹಿಯಲ್ಲಿ ಇಪ್ಪತ್ತಮೂರು ದಿನದಿಂದ ಗೀಟಿಲ್ಲ. ಹೊತ್ತು ಮುಳುಗುವಾಗ ಎದ್ದು, ಬೂಚು ಕಿತ್ತು, ಅಂಗೈ ತುಂಬ ಸುರಿದುಕೊಂಡು ಕಲ್ಲಿಗೆ ಹಚ್ಚಿದ. ಎಣ್ಣೆ ಏನು ಮಾಡುತ್ತದೆಂದು ಆ ಊರಲ್ಲಿ ಅವನಷ್ಟು ಬಲ್ಲವರು ಯಾರೂ ಇರಲಿಲ್ಲ, ಆದರೂ ಹಚ್ಚಿದ. ಕಲ್ಲೊಳಗಿನ ವೀರ ಮಿರಮಿರ ಮಿಂಚಿದ. ಮನೆಗೆ ಯಾರೋ ಬಂದು ಕೂತಂತಾಯಿತು.

ಬೆಳಗಾದಾಗ ಬುದ್ಧಿ ಬಂತು. ಎಣ್ಣೆ ಗಟ್ಟಿಯಾಗುವುದರೊಳಗೆ ತೆಗೆಯಬೇಕು. ವಾರದ ಹಿಟ್ಟನ್ನೆಲ್ಲ ಕಲ್ಲಿಗೆ ಮೆತ್ತಿದ. ಮೊಣಕೈತನಕ ಹಿಟ್ಟು ಬಳಿದುಕೊಂಡು ನಿಂತಿರುವಾಗಲೇ ಹಣಮಂತರಾಯರು ಇಬ್ಬರು ಅತಿಥಿಗಳೊಡನೆ ಒಳಗೆ ಬಂದರು. ಹೇಳಿದ್ದಕ್ಕಿಂತ ನಾಲ್ಕು ದಿನ ಮೊದಲು.

"ಏನಲೇ, ಮ್ಯೂಜಿಯಂದಾಗ ಪೂಜಿ ಹಚ್ಚೀಯೇನು?"

"ಪೂಜಿ ಅಲ್ರಿ ಸಾಹೇಬ್ರ. ಎಣ್ಣಿ ತಗ್ಯಾಕತ್ತೇನ್ರಿ."

"ಎಣ್ಣಿ ಹಚ್ಚಿದವ್ರು ಯಾರು?"

ಮುದುಕಿಯ ಹೆಸರು ಹೇಳಬಹುದಿತ್ತು. ಹೇಳಿದರೆ ಆಕೆಯನ್ನು ಮತ್ತೆ ಒಳಗೆ ಬಿಡುತ್ತಿರಲಿಲ್ಲ. ಆಕೆಯೂ ಬರದಿದ್ದರೆ ಇನ್ಯಾರು ಬರಬೇಕು?

"ನಾನ ರೀ."

ಅತಿಥಿಯೊಬ್ಬ ನಕ್ಕ. "ಹಚ್ಚಾಂವನೂ ಇವನ, ತಗ್ಯಾಂವನೂ ಇವನ! ಚಲೋ ನೌಕರಿ ಬಿಡ್ರಿ ರಾಯರ."

ಕೀಲಿಕೈ ಇಸಿದುಕೊಂಡರು. ಹನ್ನೊಂದು ತಿಂಗಳಿಗೆ ಏರಿದ್ದ ಪಗಾರದ ಮಾತಿಗೆ "ಮುಂದಿನ ಮೀಟಿಂಗಿನ್ಯಾಗ ನೋಡೋಣ" ಅಂದರು.

ಖಾಲಿ ಬಾಟ್ಲಿ ಮುಟ್ಟಿಸಲು ಪರಸಪ್ಪ ಬಬಲೇಶ್ವರಕ್ಕೆ ಹೋದ. ಅಂಗಳದಲ್ಲಿ ನಿಂತು, ಬಾಟ್ಲಿಯನ್ನು ಕಟ್ಟೆಯ ಅಂಚಿಗಿಟ್ಟ. ಕಾಲಿಗೆ ಬಿದಿರುದಬ್ಬೆ ಕಟ್ಟಿಕೊಂಡಿದ್ದ ಕಾಳವ್ವನ ಮುಖ ಅರಳಿತು.

"ಹಚ್ಚಿದೇನೋ?"

"ಹಚ್ಚೇನ್ರಿ."

"ಭೇಶ್ ಆತು. ಬರೋ ಅಮಾಸಿಗೆ ನಾನ ಬರ್ತೇನಿ. ಬಾಗಲಾ ತಗದಿರು."

"ಆತ್ರಿ ಯವ್ವಾ" ಅಂದ. ಕೀಲಿ ತನ್ನ ಹತ್ತಿರವಿಲ್ಲ ಎನ್ನಲಿಲ್ಲ. ತಿರುಗಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಆಕೆ ಸೊಸೆಗೆ ಹೇಳಿದ್ದು ಕಿವಿಗೆ ಬಿತ್ತು: "ರೇಣವ್ವಾ, ಬಾಟ್ಲಿ ಮ್ಯಾಲ ನೀರು ಹಾಕಿ ಒಳಗ ತಗೋ ಬೇ."

ತಿಕೋಟಾತನಕ ನಡೆದೇ ಹೋದ. ದಾರಿಯಲ್ಲಿ ಬೈಯಲು ಖಡ್ಗಗಳೂ ಇರಲಿಲ್ಲ.

ಲಾಯದೊಳಗೆ ಕಲ್ಲಿಗೆ ಮೆತ್ತಿದ ಹಿಟ್ಟನ್ನು ಇಲಿಗಳು ತಿಂದವು. ಪಂಡಿತರೊಬ್ಬರು ಬಂದು ಆ ಅಕ್ಷರಗಳನ್ನು ಓದಿ ಪುಸ್ತಕ ಮಾಡಿದರು. ಅದರಲ್ಲಿ ಮಂಡಳಿಯ ಹನ್ನೆರಡು ಜನಕ್ಕೂ ಕೃತಜ್ಞತೆ ಉಂಟು, ಅಕ್ಷರ ಬಿಡಿಸಿದವನ ಹೆಸರಿಲ್ಲ. ಅವನು ಆಗ ಕನಮಡಿ ರಸ್ತೆಯಲ್ಲಿ ಖಡಿಕಲ್ಲು ಒಡೆಯುತ್ತಿದ್ದ. ಸುತ್ತಿಗೆ ಎತ್ತುವ ಮುಂಚೆ ಪ್ರತಿ ಕಲ್ಲನ್ನೂ ಮಗುಚಿ ನೋಡುತ್ತಾನೆ, ಕೆಲಸ ಸಾಗಿಸುವುದಿಲ್ಲ ಎಂದು ಕೆಲಸ ಮಾಡಿಸುವ ಮುಕಾದಮ ಕೂಲಿ ಮುರಿಯುತ್ತಿದ್ದ. ೧೯೬೮ರಲ್ಲಿ ಪರಸಪ್ಪ ತೀರಿಕೊಂಡ. ಆ ಮೀಟಿಂಗು ಇನ್ನೂ ಆಗಿಲ್ಲ.

ಓದಿದಿರಲ್ಲ, ಅಯ್ಯೋ ಪಾಪ ಅನ್ನಬೇಡಿ. ನಿಮ್ಮೂರಲ್ಲೂ ಒಂದು ಸಂಗ್ರಹಾಲಯವಿದ್ದೀತು. ನಾಳೆಯೇ ಹೋಗಿ. ಖಡ್ಗ, ಕಲ್ಲು ಆಮೇಲೆ ನೋಡಿ. ಮೊದಲು ಬಾಗಿಲು ತೆಗೆದವನ ಹೆಸರು ಕೇಳಿ, ಪಗಾರ ಬಂತೇ ಎಂದು ಕೇಳಿ. ಇಲ್ಲ ಅಂದರೆ, ಕೊಡುವತನಕ ಆ ಹೊಸ್ತಿಲಿಂದ ಕದಲಬೇಡಿ.