ಬೀಗದಣ್ಣನ ಮನೆಯ ಕಂಪ್ಯೂಟರ್

ಬೀಗದಣ್ಣನಿಗೆ ಬೀಗಗಳ ಮೇಲೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಇರುವುದಾದರೂ ಹೇಗೆ? ಕೀಲಿ ಕಳೆದುಕೊಂಡು ಬೀದಿಯಲ್ಲಿ ಕೈ ಕೈ ಹಿಸುಕಿಕೊಳ್ಳುತ್ತ ನಿಂತವರ ಬಾಗಿಲನ್ನು ಎರಡು ತಂತಿಯಿಂದ ತೆಗೆದುಕೊಟ್ಟೇ ಅವನ ಸಂಸಾರ ಸಾಗುತ್ತಿತ್ತು. ದೊಡ್ಡ ಮನೆಯವರು ಹೆಮ್ಮೆಯಿಂದ ತೋರಿಸುವ ಬೀಗವನ್ನು ಅಂಗೈಯಲ್ಲಿ ತೂಗಿ ನೋಡಿ, "ಇದು ಬೀಗ ಅಲ್ಲ ಸ್ವಾಮಿ, ಒಡವೆ" ಅನ್ನುತ್ತಿದ್ದ.

ಅವನು ನಂಬಿದ್ದು ಒಂದೇ ಒಂದು ಬೀಗವನ್ನು. ಅದು ಅವನೇ ಹರೆಯದಲ್ಲಿ ಹಟ ಹಿಡಿದು ಕೂತು ಮಾಡಿದ ಹಿತ್ತಾಳೆಯ ಬೀಗ. ಮೆಟ್ಟಿಲ ಕೆಳಗಿನ ಅವನ ಅಂಗಡಿ ಎಷ್ಟು ಸಣ್ಣದೆಂದರೆ ಸೀನಬೇಕಾದರೂ ಹೊರಗೆ ಬರಬೇಕು. ಆದರೂ ಅಲ್ಲಿನ ಗೋಡೆಯ ಮೊಳೆಯೊಂದನ್ನು ಆ ಬೀಗಕ್ಕೆಂದೇ ಬಿಟ್ಟಿದ್ದ. ಊರಿನ ಬೇರೆ ಬೀಗದವರೆಲ್ಲ ಬಂದು, ತಮ್ಮ ತಂತಿ ತೂರಿಸಿ, ತಿರುವಿ, ಕಿವಿಗಿಟ್ಟು, ಕೊನೆಗೆ ಬೆವರು ಒರೆಸಿಕೊಂಡು ಹೋಗಿದ್ದರು. ಒಳಗೇನಿದೆ ಎಂದು ಅವನು ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಹೆಂಡತಿ ಕೇಳಿರಲೂ ಇಲ್ಲ ಅನ್ನಿ, ಅವಳಿಗೆ ಬೇರೆ ಕೆಲಸವಿತ್ತು.

ಮಗಳು ಏಳನೇ ತರಗತಿಗೆ ಬಂದ ವರ್ಷ, ಕಡಿಮೆ ವರಮಾನದ ಮನೆಗಳ ಮಕ್ಕಳಿಗೆ ಸರ್ಕಾರ ಕಂಪ್ಯೂಟರ್ ಕೊಡುತ್ತದೆ ಎಂಬ ಸುದ್ದಿ ಶಾಲೆಯಿಂದ ಬಂತು. "ಸರ್ಕಾರ ಕೊಡೋದು ಅಂದ್ರೆ ಕನ್ನಡಿಯೊಳಗಿನ ಗಂಟು" ಅಂದುಬಿಟ್ಟ ಬೀಗದಣ್ಣ. ಆ ಗಂಟು ಒಂದು ದಿನ ವ್ಯಾನಿನಲ್ಲಿ ಬಂದು ಅವನ ಬಾಗಿಲ ಮುಂದೆಯೇ ಇಳಿಯಿತು. ಜೊತೆಗೆ ಬಂದ ಕನ್ನಡಕದ ಮೇಡಂ ತಾಳ್ಮೆಯಿಂದ ಎಲ್ಲ ಹೇಳಿದರು. ಇದನ್ನು ಮಾರುವಂತಿಲ್ಲ, ಕಳೆದುಹೋದರೆ ಮನೆಯವರೇ ಹೊಣೆ, ಮಗು ಇದನ್ನು ಬಳಸುತ್ತಿರಬೇಕು, ಸುಮ್ಮನೆ ಇಟ್ಟಿದ್ದರೆ ವಾಪಸು ತೆಗೆದುಕೊಂಡು ಕಾಯುತ್ತಿರುವ ಇನ್ನೊಂದು ಮಗುವಿಗೆ ಕೊಡುತ್ತೇವೆ ಎಂದರು. ಬೀಗದವನ ಕಿವಿಗೆ ಬಿದ್ದದ್ದು ಕಳೆದುಹೋಗುವ ಮಾತು ಮಾತ್ರ. ಮಿಕ್ಕಿದ್ದೆಲ್ಲ ಗಾಳಿಗೆ ಹೋಯಿತು.

ಅವತ್ತೇ ಅಂಗಡಿಯ ಮೊಳೆ ಬರಿದಾಯಿತು. ಇದ್ದ ಒಂದೇ ಕೋಣೆಯ ಮೂಲೆಯಲ್ಲಿ ಬಟ್ಟೆಯ ಕಬ್ಬಿಣದ ಬೀರು ಇತ್ತು. ಬಟ್ಟೆಗಳು ಗಂಟು ಕಟ್ಟಿಸಿಕೊಂಡು ಮಂಚದ ಕೆಳಗೆ ಹೋದವು. ಬೀರುವಿನ ಬೆನ್ನಿಗೆ ವೈರು ಬರುವಷ್ಟು ತೂತು ಬಿತ್ತು, ಕಂಪ್ಯೂಟರ್ ಒಳಗೆ ಕೂತಿತು, ಹಿತ್ತಾಳೆಯ ಬೀಗ ಹೊರಗೆ ಕೂತಿತು. ಕೀಲಿ ದಾರಕ್ಕೆ ಬಿಗಿದುಕೊಂಡು ಅವನ ಕೊರಳು ಸೇರಿತು.

"ಕೊಟ್ಟಿದ್ದು ಮಗೂಗೋ, ಬೀರೂಗೋ?" ಅಂದಳು ಹೆಂಡತಿ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಬೆಳಗಿನ ಪಾಳಿ ಮುಗಿಸಿ ಆಗತಾನೇ ಬಂದಿದ್ದಳು.

"ನೀನು ಬಾಯಿಗೆ ಬೀಗ ಹಾಕ್ಕೋ."

"ಆ ಬೀಗ ಮಾಡೋದು ಇನ್ನೂ ಕಲೀಬೇಕು ನೀವು."

ಹೀಗೆ ಶುರುವಾಯಿತು. ಬೀಗದಣ್ಣ ಅಂಗಡಿಯಿಂದ ಬಂದು, ಊಟ ಮಾಡಿ, ಕೈ ಒರೆಸಿಕೊಂಡು ಬೀರು ತೆಗೆದರೆ ಮಗಳಿಗೆ ಕಂಪ್ಯೂಟರಿನ ದರ್ಶನ. ಅದೂ ಅವನು ಬೆನ್ನ ಹಿಂದೆ ನಿಂತಿರುವಾಗ. "ಮೆಲ್ಲಗೆ ಒತ್ತು ಮರಿ, ಮೊಳೆ ಹೊಡೀತಿದೀಯಾ?" "ಅಷ್ಟು ಹತ್ತಿರ ಉಸಿರು ಬಿಡಬೇಡ." ಮಗಳು ಸ್ವಲ್ಪ ಹೊತ್ತಿಗೇ ಆಕಳಿಸಿ ಏಳುತ್ತಿದ್ದಳು. ಎಂಥ ಬುದ್ಧಿವಂತೆ, ಒಂದಿಷ್ಟೂ ಹಟವಿಲ್ಲ ಎಂದು ಅವನಿಗೆ ಒಳಗೊಳಗೇ ಖುಷಿ. ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುತ್ತಿದ್ದ ಮಗಳು ಅದು. ಅವಳ ಹೆಸರಿಗೆ ಬಂದ ವಸ್ತುವಿಗೆ ಒಂದು ಗೀರೂ ಬೀಳಬಾರದು ಎನ್ನುವುದೊಂದೇ ಅವನಿಗೆ ಗೊತ್ತಿದ್ದ ಲೆಕ್ಕ.

ತಿಂಗಳುಗಳು ಕಳೆದವು. ತಪಾಸಣೆಗೆ ಬರುತ್ತೇವೆ ಎಂದು ಮೇಡಂ ಹೇಳಿಕಳಿಸಿದಾಗ ಬೀಗದಣ್ಣ ಎದೆಯುಬ್ಬಿಸಿಯೇ ಇದ್ದ. ಆದರೆ ಹಿಂದಿನ ದಿನ ಪಂಕ್ಚರ್ ಅಂಗಡಿಯವನು ಮುಖ ಇಷ್ಟು ಮಾಡಿಕೊಂಡು ಬಂದ.

"ನಮ್ಮನೆ ಕಂಪ್ಯೂಟರ್ ತಗೊಂಡು ಹೋದ್ರು ಕಣಣ್ಣ. ಬಟ್ಟೆ ಮುಚ್ಚಿ ಜೋಪಾನವಾಗಿ ಇಟ್ಟಿದ್ದೆ. ಯಾವಾಗ ಆನ್ ಆಯ್ತು, ಎಷ್ಟು ಹೊತ್ತು ನಡೀತು, ಎಲ್ಲ ಅದರ ಹೊಟ್ಟೇಲೇ ಇರುತ್ತಂತೆ. ಬಳಸೇ ಇಲ್ಲ ಅಂದ್ರು, ಎತ್ಕೊಂಡು ಹೋದ್ರು. ಹುಡುಗ ಅನ್ನ ಮುಟ್ಟಿಲ್ಲ."

ಬೀಗದಣ್ಣನ ಕೈಯಲ್ಲಿದ್ದ ಅರ ನಿಂತಿತು. ಗಾಳಿಗೆ ಹೋಗಿದ್ದ ಮಾತುಗಳೆಲ್ಲ ಈಗ ಒಂದೊಂದಾಗಿ ಹಿಂದಿರುಗಿ ಬಂದವು. ಆಕಳಿಸಿ ಎದ್ದುಹೋದ ಮಗಳು ನೆನಪಾದಳು. ಕಳ್ಳರು ಬರಲೇ ಇಲ್ಲ, ಮಗಳ ಭಾಗ್ಯಕ್ಕೆ ಕೈಯಾರೆ ಬೀಗ ಜಡಿದವನು ತಾನೇ. ಅಂಗಡಿ ಬೇಗ ಮುಚ್ಚಿ ಮನೆಗೆ ಹೋದ.

"ಮರಿ, ನಾಳೆ ಅವರು ಕಂಪ್ಯೂಟರ್ ತಗೊಂಡು ಹೋದ್ರೆ ಅಳಬಾರದು. ತಪ್ಪೆಲ್ಲ ನಂದು" ಅಂದ.

"ಯಾಕಪ್ಪ ತಗೊಂಡು ಹೋಗ್ತಾರೆ?" ಅಂದಳು ಮಗಳು ಪುಸ್ತಕದಿಂದ ತಲೆಯೆತ್ತದೆ. ಅಡುಗೆ ಮೂಲೆಗೆ ಇಳಿಬಿಟ್ಟಿದ್ದ ಪರದೆಯಾಚೆ ಹೆಂಡತಿ ಖಾಲಿ ಪಾತ್ರೆಯಲ್ಲಿ ಜೋರಾಗಿ ಸೌಟು ಆಡಿಸಿದಳು.

ಮರುದಿನ ಮೇಡಂ ಬಂದರು. ಬೀಗದಣ್ಣ ಕೊರಳಿನ ಕೀಲಿ ತೆಗೆದು, ಬೀರು ತೆರೆದು, ಗೋಡೆಗೆ ಒರಗಿ ನಿಂತ. ಮೇಡಂ ಪರದೆಯ ಮೇಲೆ ಏನೇನೋ ಒತ್ತಿ ನೋಡಿದರು. ಕನ್ನಡಕ ಸರಿ ಮಾಡಿಕೊಂಡು ಮತ್ತೆ ನೋಡಿದರು. ಅವನು ಕಣ್ಣು ಮುಚ್ಚಿಕೊಂಡ.

"ಈ ಬಡಾವಣೆಯಲ್ಲೇ ಇಷ್ಟು ಚೆನ್ನಾಗಿ ಬಳಸಿದ ಮಗು ಇನ್ನೊಂದಿಲ್ಲ" ಅಂದರು ಮೇಡಂ. "ದಿನಾ ಸ್ಕೂಲು ಬಿಟ್ಟ ತಕ್ಷಣ ಕೂತ್ಕೋತಾಳೆ ನಿಮ್ಮ ಮಗಳು. ಸಂಜೆ ತನಕ."

"ಆ ಹೊತ್ತಲ್ಲಿ ನಾನು ಅಂಗಡೀಲಿ..." ಎಂದು ಶುರುಮಾಡಿದವನು ಅರ್ಧಕ್ಕೇ ನಾಲಿಗೆ ಕಚ್ಚಿಕೊಂಡ. ಹೆಂಡತಿ ಸೂರು ನೋಡುತ್ತಿದ್ದಳು. ಮೇಡಂ ಸಹಿ ಹಾಕಿಸಿಕೊಂಡು, ಮಗಳ ಬೆನ್ನು ತಟ್ಟಿ ಹೋದರು.

ಬೀಗದಣ್ಣ ಬೀರು ಮುಚ್ಚಿದ. ಬೀಗ ಜಡಿದ. ಕೀಲಿಯನ್ನು ಅಂಗಿಯೊಳಗೆ ಬಿಟ್ಟುಕೊಂಡು ಮಗಳ ಕಡೆ ತಿರುಗಿ, "ತೆಗಿ" ಅಂದ.

ಮಗಳು ಅಮ್ಮನ ಮುಖ ನೋಡಿದಳು. ಅಮ್ಮ ತಲೆಯಾಡಿಸಿದಳು. ಶಾಲೆಯ ಚೀಲದಿಂದ ಹಳೆಯ ಛತ್ರಿಯ ಕಡ್ಡಿಯ ಎರಡು ತುಂಡು ಹೊರಬಂದವು, ತುದಿ ಬಗ್ಗಿಸಿ ನುಣ್ಣಗೆ ಉಜ್ಜಿದ್ದವು. ಅವಳು ಒಂದನ್ನು ಒತ್ತಿ ಹಿಡಿದು, ಇನ್ನೊಂದನ್ನು ಒಳಗೆ ಬಿಟ್ಟು, ಎತ್ತಲೋ ನೋಡುತ್ತ ಬೆರಳಿನಿಂದಲೇ ಕೇಳಿಸಿಕೊಳ್ಳತೊಡಗಿದಳು. ಊರಿನ ಬೀಗದವರೆಲ್ಲ ಸೋತ ಬೀಗ ಟಕ್ಕೆಂದು ಬಾಯಿ ಬಿಟ್ಟಿತು. ಇವನು ಚಾಪೆಯ ಕೆಳಗೆ ತೂರಿದರೆ ಮಗಳು ರಂಗೋಲಿಯ ಕೆಳಗೆ ತೂರಿದ್ದಳು.

ಬಯ್ಯಬೇಕೆಂದು ಬಾಯಿ ತೆರೆದ. ಬೈಗುಳ ಬರಲಿಲ್ಲ. "ಯಾರು ಹೇಳಿಕೊಟ್ಟಿದ್ದು?" ಅಂದ.

"ನೀನೇ. ಚಿಕ್ಕವಳಿದ್ದಾಗ ನಿನ್ನ ಅಂಗಡೀಲಿ ಕೂತಿರ್ತಿದ್ನಲ್ಲ. ಕಣ್ಣಲ್ಲಿ ನೋಡಬೇಡ, ಬೆರಳಲ್ಲಿ ಕೇಳು ಅಂತಿದ್ದೆ."

"ನಾನು ಬಾಗಿಲಲ್ಲಿ ಕೂತು ಕಾವಲು ಕಾದೆ" ಅಂದಳು ಹೆಂಡತಿ. "ಬಯ್ಯೋದಾದ್ರೆ ಇಬ್ಬರಿಗೂ ಸೇರಿಸಿ ಬಯ್ಯಿರಿ."

"ಅಷ್ಟು ಹೊತ್ತು ಅದರಲ್ಲಿ ಏನು ಮಾಡ್ತಿದ್ದೆ?"

ಮಗಳು ಕಂಪ್ಯೂಟರ್ ಹಚ್ಚಿ ಒಂದು ಚಿತ್ರ ತೆಗೆದಳು. ಅದು ಅವನ ಬೀಗದ ಹೊಟ್ಟೆ. ಹೊರಗಿನ ಹಿತ್ತಾಳೆ ಗಾಜಿನಂತೆ ತಿಳಿಯಾಗಿತ್ತು, ಒಳಗೆ ತಗಡಿನ ಎಲೆಗಳು ಸಾಲಾಗಿ ನಿಂತಿದ್ದವು. ಅವಳು ಗುಂಡಿ ಒತ್ತಿದಳು. ಕೀಲಿ ತಿರುಗಿತು, ಎಲೆಗಳು ಒಂದರ ಹಿಂದೊಂದು ಎದ್ದವು, ಕೊಂಡಿ ಬಿಟ್ಟುಕೊಂಡಿತು. ಅವನು ತನ್ನ ಮನಸ್ಸಿನಲ್ಲಿ ಮಾತ್ರ ಕಂಡಿದ್ದ ಕೆಲಸ ಅದು. ನೋಡುತ್ತ ನೋಡುತ್ತ ಅವನ ಕಣ್ಣು ಮಂಜಾಯಿತು. ಕೊನೆಯ ಎಲೆಯ ಜಾಗದಲ್ಲಿ ಮಾತ್ರ ಅವಳು ಒಂದು ಪ್ರಶ್ನೆ ಚಿಹ್ನೆ ಹಾಕಿದ್ದಳು.

"ಇಲ್ಲಿ ಏನಿದೆ ಗೊತ್ತಾಗಲಿಲ್ಲ ಅಪ್ಪ. ಮುಟ್ಟಿದರೆ ಬೀಗ ಮುನಿಸಿಕೊಳ್ಳುತ್ತೆ. ಅದಕ್ಕೆ ಮುಟ್ಟೋದೇ ಇಲ್ಲ."

ಇಷ್ಟು ವರ್ಷ ಯಾರ ಎದುರೂ ಬಾಯಿ ಬಿಡದವನು ಕೊರಳಿನ ದಾರ ತೆಗೆದು, ಕೀಲಿಯನ್ನು ಬಾಗಿಲ ಪಕ್ಕದ ಮೊಳೆಗೆ ಎಲ್ಲರ ಕೈಗೂ ಸಿಗುವಂತೆ ನೇತುಹಾಕಿ ಬಂದ. ಮೊದಲ ಸಲ ಬೆನ್ನ ಹಿಂದೆ ನಿಲ್ಲದೆ ಮಗಳ ಪಕ್ಕ ಕೂತ.

"ಸ್ವಲ್ಪ ಸರ್ಕೋ ಮರಿ" ಅಂದ. "ಅದು ಸುಳ್ಳು ಎಲೆ, ತಂತಿ ತೂರಿಸೋರನ್ನ ಏಮಾರಿಸೋಕೆ. ಹೇಗೆ ಕೂರಿಸಿದೀನಿ ಅಂತ ಹೇಳ್ತೀನಿ, ಬರಿ."