ಕಾಲು ಹಾರ್ಮೋನಿಯಂ ನುಡಿಸಿದ ಮಂಗಳ

ದೆವ್ವ, ಗಾಳಿ, ಶಕುನ ಎನ್ನುವವರನ್ನು ಕಂಡರೆ ನಗುತ್ತಿದ್ದವನು ನಾನು. ಅಜ್ಜಂಪುರದಲ್ಲಿ ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುವುದು ನನ್ನ ಕಸುಬು. ಕರೆಂಟಿಲ್ಲದೆ ಮೋಟಾರು ತಿರುಗಿತು ಎಂದು ಯಾರಾದರೂ ಹೇಳಿದರೆ ಅವನು ಕುಡಿದಿದ್ದಾನೆ ಎಂದೇ ನನ್ನ ತೀರ್ಮಾನ. ಈಗ ನಾನು ಹೇಳಹೊರಟಿರುವುದೂ ಅದೇ ಜಾತಿಯ ಮಾತು. ನೀವು ನಂಬಲೇಬೇಕೆಂದಿಲ್ಲ. ನನಗೇ ಪೂರ್ತಿ ನಂಬಿಕೆಯಿಲ್ಲ.

ನಮ್ಮಪ್ಪ ಹಾರ್ಮೋನಿಯಂ ಮೇಷ್ಟ್ರು. ಪಾನನಿರೋಧವಿದ್ದ ಕಾಲದಲ್ಲಿ ಕಡೂರಿನ ಒಂದು ಕಾಫಿ ಹೋಟೆಲಿನ ಹಿಂದೆ ಹೆಂಚಿನ ಹಾಲ್ ಒಂದಿತ್ತು. ಅದಕ್ಕೆ ಕ್ಲಬ್ಬು ಎನ್ನುತ್ತಿದ್ದರು. ಮುಂದೆ ಕಾಫಿ, ಹಿಂದೆ ಕದ್ದು ಬ್ರಾಂದಿ. ಮುಳುಗಿಹೋದ ನಾಟಕದ ಕಂಪನಿಯೊಂದು ಬಿಟ್ಟುಹೋಗಿದ್ದ ಕಾಲು ಹಾರ್ಮೋನಿಯಂ ಅಲ್ಲಿತ್ತು. ಮೇಜಿನಷ್ಟು ದೊಡ್ಡದು, ಕಾಲಲ್ಲಿ ತುಳಿದು ಗಾಳಿ ತುಂಬಿ ಎರಡೂ ಕೈಯಲ್ಲಿ ನುಡಿಸುವಂಥದ್ದು. ಅಪ್ಪ ನಾಟಕದ ಹಾಡು ನುಡಿಸುವಷ್ಟು ಹೊತ್ತು ಕುಡಿತ ನಡೆಯುತ್ತಿತ್ತು. ಮುಂದಿನ ಗಲ್ಲಾದಿಂದ ಯಜಮಾನರ ಕೆಮ್ಮು ಕೇಳಿದೊಡನೆ ಅಪ್ಪ ಮಂಗಳದ ಹಾಡಿಗೆ ಹೊರಳುತ್ತಿದ್ದರು. ಗ್ಲಾಸುಗಳು ನೆಲದ ಹಲಗೆಯಡಿ ಸೇರುತ್ತಿದ್ದವು, ಎಲ್ಲರೂ ತಾಳ ಹಾಕುತ್ತ ದನಿಗೂಡಿಸುತ್ತಿದ್ದರು. ಒಳಬಂದ ಪೊಲೀಸರಿಗೆ ಕಾಣುತ್ತಿದ್ದದ್ದು ಭಜನೆ. ಅಲ್ಲಿದ್ದದ್ದು ಒಂದೇ ಕಟ್ಟುನಿಟ್ಟು: ಮಂಗಳ ಮುಗಿಯುವ ತನಕ ಯಾರೂ ಏಳಕೂಡದು. ಎದ್ದವನೇ ಸಿಕ್ಕಿಬೀಳುವವನು. ಅಪ್ಪನಿಗೆ ಬುತ್ತಿ ಒಯ್ಯುತ್ತಿದ್ದ ನನಗೂ ಆ ನೇಮ ಮೈಗೆ ಹತ್ತಿತ್ತು.

ಪಾನನಿರೋಧ ಹೋಯಿತು, ಕುಡಿತ ಬೀದಿಗೆ ಬಂತು. ಕ್ಲಬ್ಬಿಗೆ ಬೀಗ ಬಿತ್ತು, ಅಪ್ಪ ಯಾರಿಗೂ ಬೇಡವಾದರು. ಎಪ್ಪತ್ತರ ದಶಕದ ಕೊನೆಗೆ ಲಕ್ವ ಹೊಡೆದು ತರೀಕೆರೆಯ ಆಸ್ಪತ್ರೆಯಲ್ಲಿ ಮಲಗಿದರು. ಮಾತಿಲ್ಲ, ಗುಟುಕು ನೀರೂ ಇಳಿಯುತ್ತಿರಲಿಲ್ಲ. ಡಾಕ್ಟರು ಕೈಚೆಲ್ಲಿದ್ದರು. ಎಡಗೈ ಬೆರಳುಗಳು ಮಾತ್ರ ಹೊದಿಕೆಯ ಮೇಲೆ ಸದಾ ಓಡಾಡುತ್ತಿದ್ದವು.

“ಅಪ್ಪ ಕ್ಲಬ್ಬಿನ್ ಹಾರ್ಮೋನಿಯಂ ಪೆಟ್ಗೆ ಕೇಳ್ತಾವ್ರೆ ಕಣಣ್ಣ,” ಎಂದಳು ತಂಗಿ ಸರೋಜ. “ಒಂದ್ಸಲ ಮುಟ್ಸಿದ್ರೆ ನೀರಾದ್ರೂ ಕುಡೀತಾರೇನೋ.”

ಬೇರೇನೂ ತೋಚದವನಿಗೆ ಅದೇ ಔಷಧಿಯಂತೆ ಕಂಡಿತು. “ಮಧ್ಯಾಹ್ನದೊಳ್ಗೆ ತರ್ತೀನಿ, ನಾನು ಬರೋವರ್ಗೂ ಇರಪ್ಪ” ಎಂದು ಅಪ್ಪನ ಕಿವಿಯಲ್ಲಿ ಬೇಡಿಕೊಂಡು ಕಡೂರಿಗೆ ಬೆಳಗಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಂಡ ಕಂಡ ಗುಡಿಗೆಲ್ಲ ಕೈಮುಗಿದೆ, ನಗುತ್ತಿದ್ದ ನಾನೇ.

ಹೋಟೆಲಿನ ಯಜಮಾನರು ತೀರಿಕೊಂಡು ವರ್ಷಗಳಾಗಿದ್ದವು. ಅವರ ಹೆಂಡತಿ ಗೌರಮ್ಮ ಹಾಲಿನ ಬೀಗ ತೆಗೆದರು. “ತಗೊಂಡೋಗಪ್ಪ, ಇಲಿ ತಿಂದು ಉಳ್ದಿರೋದು ಏನೈತೆ ಅದ್ರಲ್ಲಿ,” ಎಂದರು. ನಿಜವೇ. ಗಾಳಿ ತುಂಬುವ ತಿದಿಯ ಚರ್ಮ ಹರಿದು ಜೋತಾಡುತ್ತಿತ್ತು, ಕಾಲಲ್ಲಿ ತುಳಿಯುವ ಹಲಗೆ ಕಿತ್ತುಬಂದಿತ್ತು. ಕೈಯಾರೆ ಮುಟ್ಟಿ ನೋಡಿದೆ. ಅದರಲ್ಲಿ ಒಂದು ಉಸಿರು ಗಾಳಿಯೂ ನಿಲ್ಲುವಂತಿರಲಿಲ್ಲ. ಇದನ್ನು ಬಸ್ಸಿನ ಮೇಲೆ ಹೇರಿಕೊಂಡು ಹೋಗಿ ಅಪ್ಪನಿಗೆ ಏನು ಕೇಳಿಸಲಿ? ಅಲ್ಲೇ ನೆಲದ ಮೇಲೆ ಕುಸಿದು ಅತ್ತುಬಿಟ್ಟೆ.

“ಬಸ್ಸಿನ್ ಹೊತ್ತಾಯ್ತು ಏಳಪ್ಪಾ. ಬರೀ ಪೆಟ್ಗೆನಾದ್ರೂ ಅವ್ರ ಕೈಗೆ ಮುಟ್ಸು,” ಎಂದರು ಗೌರಮ್ಮ. ಏಳಲು ನೆಲಕ್ಕೆ ಕೈಯೂರಿದೆ. ಆಗ ಅದು ನುಡಿಯಿತು.

ಮೊದಲು ನಾಟಕದ ಹಾಡು, ನಿಧಾನವಾಗಿ, ಒಂದೇ ಕೈಯಲ್ಲಿ ನುಡಿಸಿದಂತೆ. ನಾನು ನೋಡುತ್ತಲೇ ಇದ್ದೆ. ಒಂದು ಕೀ ಕೂಡ ಅಲುಗಲಿಲ್ಲ. ಅಪ್ಪ ಸ್ವರವನ್ನು ಎಳೆಯುತ್ತಿದ್ದ ಅದೇ ಎಳೆತ. ಆಮೇಲೆ ಇದ್ದಕ್ಕಿದ್ದಂತೆ ಮಂಗಳಕ್ಕೆ ಹೊರಳಿತು.

ನಾನು ಏಳಲಿಲ್ಲ. ಗೌರಮ್ಮನೂ ನಿಂತಲ್ಲೇ ಕೂತರು. ಹೆದರಿಕೆಗಿಂತ ಹೆಚ್ಚಾಗಿ ಹಳೆಯ ನೇಮ ನಮ್ಮನ್ನು ಕೂರಿಸಿತು. ಇಬ್ಬರೂ ಕೈಯಲ್ಲಿ ತಾಳ ಹಾಕುತ್ತ ಹಾಡಿದೆವು. ಹೊರಗೆ ತರೀಕೆರೆ ಬಸ್ಸಿನ ಹಾರ್ನ್ ಕೇಳಿಸಿತು. ಏಳು, ಓಡು ಎಂದು ಜೀವ ಬಡಿದುಕೊಳ್ಳುತ್ತಿತ್ತು, ಕಾಲು ಮಾತು ಕೇಳಲಿಲ್ಲ. ಹಾಡು ಕೊನೆಯ ಸಾಲಿನ ನಡುವೆ ನಿಂತುಹೋಯಿತು. ಮುಗಿಯಲೆಂದು ಇನ್ನೂ ಎಷ್ಟೋ ಹೊತ್ತು ಇಬ್ಬರೂ ಕಾದು ಕೂತೆವು.

ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಮುಂದಿನ ಬಸ್ಸಿನಲ್ಲಿ ಹೋದೆ. ಸರೋಜ ಆಸ್ಪತ್ರೆಯ ಜಗಲಿಯಲ್ಲಿ ಕೂತಿದ್ದಳು.

“ಹನ್ನೆರಡ್ರ ಹೊತ್ಗೆ ಬೆರಳು ನಿಂತೋದ್ವು ಕಣಣ್ಣ. ಆಮೇಲೆ ಬಾಗ್ಲು ಕಡೆನೇ ನೋಡ್ತಿದ್ರು. ಕಡೂರು ಬಸ್ ಬಂತು, ನೀನ್ ಬರ್ಲಿಲ್ಲ. ಕಣ್ಮುಚ್ಬಿಟ್ರು.”

ಹನ್ನೆರಡಕ್ಕೇ ಆ ಬಸ್ಸು ಕಡೂರು ಬಿಟ್ಟದ್ದು. ಅದರಲ್ಲಿ ನಾನಿದ್ದಿದ್ದರೆ ಅಪ್ಪ ಸಿಗುತ್ತಿದ್ದರು. ತಾವು ಸಾಯುವುದನ್ನು ನಾನು ನೋಡುವುದು ಬೇಡವೆಂದು ನನ್ನನ್ನು ಕೂರಿಸಿದರೇ? ಹಾಗಾದರೆ ಬಾಗಿಲು ನೋಡಿದ್ದೇಕೆ? ಬಾ ಎಂದು ಕರೆದದ್ದನ್ನೇ ನಾನು ಕೂರು ಎಂದು ತಿಳಿದುಕೊಂಡೆನೇ? ಗೌರಮ್ಮನೂ ಈಗಿಲ್ಲ, ಕೇಳೋಣವೆಂದರೆ. ಗಾಳಿಯಿಲ್ಲದೆ ಅದು ಹೇಗೆ ನುಡಿಯಿತು ಎಂಬುದು ನನಗೆ ಗೊತ್ತಾಗಿಲ್ಲ, ಅದು ಗೊತ್ತಾಗದಿದ್ದರೂ ನಡೆದೀತು.

ಈಗ ಯಾವ ಭಜನೆಯಲ್ಲೂ ಮಂಗಳ ಮುಗಿಯುವ ತನಕ ನಾನು ಕೂರುವುದಿಲ್ಲ. ಮೊದಲ ಸ್ವರಕ್ಕೇ ಎದ್ದು ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಡುತ್ತೇನೆ.