ಟಾರ್ಪಾಲು ಒಂದೇ ಇತ್ತು

ಹೋದ ಶನಿವಾರ ಮಧ್ಯಾಹ್ನ ನಮ್ಮ ಮನೆ ಓನರಮ್ಮನ ಒಂದು ವರ್ಷದ ಬೆಳೆಯನ್ನು ನಾನು ಅರ್ಧ ಗಂಟೆಯಲ್ಲಿ ಹಾಳು ಮಾಡಿದೆ. ಅದೂ ಪೊರಕೆ ಹಿಡಿದು, ಬಹಳ ಒಳ್ಳೆಯ ಉದ್ದೇಶದಿಂದ!

(ಇಡೀ ಬೆಳೆ ಅಲ್ಲ, ಅದರಲ್ಲೊಂದು ಪಾಲು. ಆದರೆ ಹಾಳು ಮಾಡಿದವಳೇ 'ಸ್ವಲ್ಪ ಹಾಳಾಯಿತು ಅಷ್ಟೇ' ಅಂತ ಹೇಳಿಕೊಂಡು ತಿರುಗಿದರೆ ಚೆನ್ನಾಗಿರುತ್ತದೆಯೇ?)

ನಾವು ಬೆಂಗಳೂರು ಬಿಟ್ಟು ಚಿಕ್ಕಮಗಳೂರಿಗೆ ಬಂದು ಏಳು ತಿಂಗಳಾಯಿತು ಅನ್ನುವುದು ಈ ಅಂಕಣ ಓದುವವರಿಗೆ ಗೊತ್ತು. ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. ನನ್ನ ಗಂಡ ಪ್ರಕಾಶ ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೆಷಿನ್ ರಿಪೇರಿ ನೋಡಿಕೊಳ್ಳುತ್ತಿದ್ದ. ಈಗ ಇಲ್ಲಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ, ಅಂದರೆ ಒಣಗಿದ ಕಾಫಿಯ ಸಿಪ್ಪೆ ಬಿಡಿಸಿ ಬೀಜ ವಿಂಗಡಿಸುವ ಫ್ಯಾಕ್ಟರಿಯಲ್ಲಿ, ಅದೇ ಕೆಲಸ. ನಾನು ಮನೆಯಲ್ಲೇ ಕೂತು ಪಠ್ಯಪುಸ್ತಕಗಳ ಪ್ರೂಫ್ ತಿದ್ದುವವಳು. ಕಾಗುಣಿತ ತಿದ್ದುವುದಕ್ಕೆ ಊರು ಯಾವುದಾದರೇನು? ಮಗಳು ಮೇಘನಾ ಏಳನೇ ಕ್ಲಾಸು.

ಬೆಂಗಳೂರಿನ ಗೆಳತಿಯರು ಈಗಲೂ ಫೋನ್ ಮಾಡಿ ಕೇಳುತ್ತಾರೆ. "ಅಲ್ಲಿ ಬೋರ್ ಆಗಲ್ವೇನೇ?"

ಆಗುತ್ತಪ್ಪಾ. ಯಾರು ಇಲ್ಲ ಅಂದರು? ಹತ್ತು ನಿಮಿಷದಲ್ಲಿ ಬಾಗಿಲಿಗೆ ಕೊತ್ತಂಬರಿ ಸೊಪ್ಪು ತಂದುಕೊಡುವವರು ಇಲ್ಲಿಲ್ಲ. ಚರ್ಮದ ಡಾಕ್ಟರ ಹತ್ತಿರ ಕೂತರೆ ಅರ್ಧ ದಿನ ಹೋಯಿತು. ಶನಿವಾರ, ಭಾನುವಾರ ಟೂರಿಸ್ಟುಗಳ ಕಾರುಗಳಿಗೆ ಹೆದರಿ ಊರಿನವರು ಶುಕ್ರವಾರವೇ ತರಕಾರಿ ತಂದಿಟ್ಟುಕೊಳ್ಳುತ್ತಾರೆ. ನಮ್ಮ ಸ್ಕೂಟರಿಗೆ ಇನ್ನೂ ಬೆಂಗಳೂರಿನ ನಂಬರ್. ಅದನ್ನು ನೋಡಿ ಪೆಟ್ರೋಲ್ ಬಂಕಿನವನು ಏಳು ತಿಂಗಳಿಂದ ನನ್ನನ್ನು ಕೇಳುತ್ತಲೇ ಇದ್ದಾನೆ, "ಯಾವ ಹೋಂಸ್ಟೇಲಿ ಇದ್ದೀರಾ ಮೇಡಂ?"

ಆದರೆ ನಾನು ಊರು ಬಿಟ್ಟಿದ್ದು ಬೋರ್ ತಪ್ಪಿಸಿಕೊಳ್ಳುವುದಕ್ಕಲ್ಲ. ಓನರುಗಳಿಂದ ತಪ್ಪಿಸಿಕೊಳ್ಳುವುದಕ್ಕೆ.

ಬೆಂಗಳೂರಿನಲ್ಲಿ ಹದಿನಾಲ್ಕು ವರ್ಷಕ್ಕೆ ಆರು ಮನೆ. ಒಂದನ್ನೂ ನಾವಾಗಿ ಬಿಟ್ಟಿದ್ದಲ್ಲ. ಒಬ್ಬರ ಮಗ ಫಾರಿನ್‌ನಿಂದ ವಾಪಸ್ ಬರುತ್ತಾನೆ ಅಂದರು. (ಬರಲೇ ಇಲ್ಲ. ನಾವು ಬಿಟ್ಟ ವಾರಕ್ಕೆ ಗೇಟಿಗೆ 'ಟು ಲೆಟ್' ಬೋರ್ಡ್ ಬಿತ್ತು.) ಇನ್ನೊಬ್ಬರಿಗೆ ನಾವು ಗೋಡೆಗೆ ಹೊಡೆದ ಒಂದು ಮೊಳೆ ತಮ್ಮ ಎದೆಗೇ ಹೊಡೆದಂತಾಯಿತು. ಮತ್ತೊಬ್ಬರಿಗೆ ನಮ್ಮ ಮನೆಗೆ ನೆಂಟರು ಬಂದರೆ ಸಂಪಿನ ನೀರಿನದೇ ಚಿಂತೆ. ಕೊನೆಯವರು ಮೇಲಿನ ಮಹಡಿಯಲ್ಲೇ ಇದ್ದರು, ದಿನಾ ಮೆಟ್ಟಿಲಲ್ಲಿ ಸಿಕ್ಕಿ ನಗುತ್ತಿದ್ದರು. ಆದರೂ ಮುಂದಿನ ತಿಂಗಳು ಖಾಲಿ ಮಾಡಿ ಅನ್ನುವುದನ್ನು ವಾಟ್ಸಾಪಿನಲ್ಲಿ ಕಳಿಸಿದರು. ಕೊನೆಗೆ ಕೈಮುಗಿಯುವ ಎಮೋಜಿ ಬೇರೆ!

ಜಾಸ್ತಿ ಬಾಡಿಗೆಯನ್ನು ಹೇಗೋ ಸಹಿಸಿಕೊಳ್ಳಬಹುದು. ಜಾಸ್ತಿ ಬಾಡಿಗೆ ಕೊಟ್ಟೂ ಕಳ್ಳರ ಹಾಗೆ ಬದುಕುವುದಿದೆಯಲ್ಲ, ಅದು ಸಾಕಾಗಿ ಹೋಗಿತ್ತು. ಮೇಘನಾ ಚಿಕ್ಕವಳಿದ್ದಾಗ ಮನೆಯೊಳಗೆ ಹಿಮ್ಮಡಿ ಎತ್ತಿಕೊಂಡೇ ನಡೆಯುತ್ತಿದ್ದಳು. ಹೆದರಿ ಡಾಕ್ಟರಿಗೆ ತೋರಿಸಿದೆವು. ಕಾಲಿಗೆ ಏನೂ ಆಗಿರಲಿಲ್ಲ. ಸದ್ದು ಮಾಡಬೇಡ, ಓನರ್ ಆಂಟಿ ಬೈತಾರೆ ಅಂತ ದಿನಾ ಹೇಳಿ ಹೇಳಿ ನಾನೇ ಅವಳಿಗೆ ಹಾಗೆ ನಡೆಯುವುದನ್ನು ಕಲಿಸಿದ್ದೆ. ಆ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅತ್ತಿದ್ದೇನೆ.

ಹಾಗಾಗಿ ಚಿಕ್ಕಮಗಳೂರಿನಲ್ಲಿ ಮನೆ ನೋಡಲು ಬಂದಾಗ ನಾನು ಮನೆ ನೋಡಲಿಲ್ಲ, ಓನರಮ್ಮನ ಮುಖ ನೋಡಿದೆ.

ಅವರ ಹೆಸರು ಶಾರದಮ್ಮ. ಅರವತ್ತು ದಾಟಿದೆ. ಊರಂಚಿನ ಬಡಾವಣೆಯಲ್ಲಿ ಮನೆ. ಒಂದು ಭಾಗದಲ್ಲಿ ಅವರು, ಇನ್ನೊಂದರಲ್ಲಿ ನಾವು. ಮಲ್ಲಂದೂರಿನ ಹತ್ತಿರ ನಾಲ್ಕು ಎಕರೆ ಕಾಫಿ ತೋಟ. ಕೊಯ್ಲಿನ ಕಾಲದಲ್ಲಿ ಬೆಳಗಿನ ಬಸ್ಸಿಗೆ ಹೋಗಿ, ಆಳುಗಳ ಜೊತೆ ತಾವೂ ಹಣ್ಣು ಕೊಯ್ದು, ಸಂಜೆ ವಾಪಸಾಗುತ್ತಾರೆ. ಅಲ್ಲಿ ಮೇಲೆ ಇಬ್ಬನಿ ಜಾಸ್ತಿ, ಕಾಫಿ ಬೇಗ ಒಣಗುವುದಿಲ್ಲ ಅಂತ ಒಂದಷ್ಟನ್ನು ಪಿಕಪ್‌ನಲ್ಲಿ ತಂದು ಈ ಮನೆಯ ಸಿಮೆಂಟ್ ಅಂಗಳದಲ್ಲಿ ಹರಡುತ್ತಾರೆ. ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದರೆ ಅದಕ್ಕೆ ಇಲ್ಲಿ ಚೆರಿ ಅನ್ನುತ್ತಾರೆ.

"ಅಗ್ರಿಮೆಂಟ್ ಎಷ್ಟು ತಿಂಗಳಿಗೆ ಮಾಡ್ಸೋಣ?" ಅಂತ ನಾನು ಮೊದಲ ದಿನವೇ ಕೇಳಿದ್ದೆ.

"ನಿಮಗೆ ಬೇಕಿದ್ರೆ ಬರ್ಸ್ಕೊಂಡ್ ಬನ್ನಿ, ಸೈನ್ ಹಾಕ್ತೀನಿ. ಕೊಯ್ಲಿನ ಟೈಮಲ್ಲಿ ಅಂಗಳಕ್ಕೆ ಸ್ಕೂಟರ್ ತರ್ಬೇಡಿ, ಅಷ್ಟೇ" ಅಂದಿದ್ದರು.

ಇಷ್ಟು ಸಲೀಸಾಗಿ ಮಾತಾಡುವ ಓನರನ್ನು ನಂಬುವುದಕ್ಕೆ ನನಗೇನು ಹುಚ್ಚೇ? ಬರೆಸಿ, ಸೈನ್ ಹಾಕಿಸಿ, ಲ್ಯಾಮಿನೇಷನ್ ಮಾಡಿಸಿ ಬೀರುವಿನಲ್ಲಿಟ್ಟೆ.

ಈಗ ಶನಿವಾರಕ್ಕೆ ಬರೋಣ.

ಬೆಳಗ್ಗೆ ಬಸ್ಸಿಗೆ ಹೊರಟ ಶಾರದಮ್ಮ ನಮ್ಮ ಬಾಗಿಲಲ್ಲಿ ನಿಂತು, "ಮೋಡ ಗೀಡ ಬಂದ್ರೆ ಕಾಫಿ ಕಡೆ ಸ್ವಲ್ಪ ನೋಡ್ಕೊಳ್ಳಿ, ಆಯ್ತಾ?" ಅಂದರು. ಬೆಂಗಳೂರಿನಲ್ಲಿ ಯಾವ ಓನರೂ ನನ್ನನ್ನು ನಂಬಿ ಒಂದು ಹೂವಿನ ಕುಂಡವನ್ನೂ ಬಿಟ್ಟುಹೋದವರಲ್ಲ. ಸಂತೋಷದಿಂದ ತಲೆಯಾಡಿಸಿದೆ.

ಮಧ್ಯಾಹ್ನ ಎರಡಕ್ಕೆ ನಿಜವಾಗಿಯೂ ಮೋಡ ಬಂತು. ಜನವರಿಯಲ್ಲಿ! ಗಾಳಿ ಬೇರೆ ತಣ್ಣಗೆ ಬೀಸತೊಡಗಿತು. ಶಾರದಮ್ಮನಿಗೆ ಫೋನ್ ಮಾಡಿದೆ. ತೋಟದಲ್ಲಿ ನೆಟ್‌ವರ್ಕ್ ಎಲ್ಲಿಂದ ಬರಬೇಕು?

ಅಂಗಳದಲ್ಲಿ ಕಾಫಿ ಎರಡು ಪಾಲಾಗಿ ಹರಡಿತ್ತು. ನನ್ನ ಕಣ್ಣಿಗೆ ಎರಡೂ ಒಣಗಿ ಕಪ್ಪು ಕಪ್ಪು. ನಡುವೆ ಒಬ್ಬರು ನಡೆಯುವಷ್ಟು ದಾರಿ. ದಾರಿ ಇರುವುದು ನಡೆಯುವುದಕ್ಕೇ ಅಂದುಕೊಂಡೆ ನಾನು. ಸ್ಕೂಲಿಂದ ಬಂದಿದ್ದ ಮೇಘನಾಳನ್ನು ಕೂಗಿದೆ. ಅವಳ ಕೈಗೆ ಹಲಗೆ, ನನ್ನ ಕೈಗೆ ಪೊರಕೆ. ಇಬ್ಬರೂ ಸೇರಿ ಬೆವರು ಸುರಿಸಿಕೊಂಡು ಎರಡೂ ಕಡೆಯದನ್ನು ನಡುವಿಗೆ ನೂಕಿ, ಒಂದೇ ರಾಶಿ ಮಾಡಿ, ಟಾರ್ಪಾಲು ಹೊದಿಸಿ, ಸುತ್ತ ಕಲ್ಲು ಇಟ್ಟೆವು. ಎಷ್ಟು ಹೆಮ್ಮೆ ಅಂತೀರಿ! ರಾಶಿಯ ಪಕ್ಕ ನಿಂತು ಸೆಲ್ಫಿ ತೆಗೆದು ಪ್ರಕಾಶನಿಗೆ ಕಳಿಸಿದೆ.

ಮಳೆ ಬಂತು. ಹತ್ತು ಹನಿ. ಎಣಿಸಬಹುದಿತ್ತು. ಆಮೇಲೆ ಬಿಸಿಲು.

ಅಷ್ಟರಲ್ಲಿ ಪ್ರಕಾಶನ ಫೋನು. "ಅಲ್ಲಿ ಎರಡು ಪಾಲು ಇತ್ತಲ್ಲ?"

"ಹೂಂ, ಒಂದೇ ಮಾಡ್ದೆ. ಟಾರ್ಪಾಲು ಒಂದೇ ಇತ್ತು."

ಅವನು ಮೆಲ್ಲಗೆ ಹೇಳಿದ. "ಒಂದು ಅರೇಬಿಕಾ, ಇನ್ನೊಂದು ರೋಬಸ್ಟಾ ಕಣೇ."

ಆ ಎರಡರ ಜಾತಿ ಬೇರೆ, ರುಚಿ ಬೇರೆ, ಕೊಳ್ಳುವವರು ಬೇರೆ. ಸೋನಾ ಮಸೂರಿಗೆ ರೇಷನ್ ಅಕ್ಕಿ ಸುರಿದ ಹಾಗೆ. ಬೆರಕೆ ಅಂತ ಗೊತ್ತಾದರೆ ವ್ಯಾಪಾರಿ ಮೂಟೆಯನ್ನು ಮುಟ್ಟಿಯೂ ನೋಡುವುದಿಲ್ಲವಂತೆ. ಸಾಲದ್ದಕ್ಕೆ ಒಂದು ಪೂರ್ತಿ ಒಣಗಿತ್ತು, ಇನ್ನೊಂದು ಅರ್ಧ. ಟಾರ್ಪಾಲಿನ ಕೆಳಗೆ ಐದಾರು ಮೂಟೆ! ನಾನು ಕೈಕಟ್ಟಿ ಕೂತಿದ್ದರೆ ಅದಕ್ಕೆ ಏನೂ ಆಗುತ್ತಿರಲಿಲ್ಲ.

ಫೋನಿಟ್ಟು ಮನೆಯೊಳಗೆ ಬಂದೆ. ಸತ್ಯ ಹೇಳುತ್ತೇನೆ, ಆ ಕ್ಷಣ ನನಗೆ ಶಾರದಮ್ಮನ ನಷ್ಟ ಕಾಣಲಿಲ್ಲ. ಅಟ್ಟದ ಮೇಲಿದ್ದ ಟಿವಿ ಡಬ್ಬ, ಮಿಕ್ಸಿ ಡಬ್ಬ ಕಂಡವು. (ಬಾಡಿಗೆ ಮನೆಯವರಿಗೆ ಅರ್ಥವಾಗುತ್ತದೆ. ನಾವು ಡಬ್ಬ ಎಸೆಯುವವರಲ್ಲ.) ಮೇಘನಾ ಕೂಡ ಅಟ್ಟದ ಕಡೆಯೇ ನೋಡುತ್ತಿದ್ದಳು.

"ಅಮ್ಮಾ, ಮತ್ತೆ ಶಿಫ್ಟಾ?"

ಇಲ್ಲಿಗೆ ಬಂದ ಮೇಲೆ ಅವಳು ಕಬಡ್ಡಿ ಟೀಮಿಗೆ ಸೇರಿದ್ದಾಳೆ. ಸಂಜೆ ಹಾಲಿನಲ್ಲೇ ದಡಬಡ ಅಂತ ಪ್ರಾಕ್ಟೀಸ್ ಮಾಡುತ್ತಾಳೆ, ಯಾರೂ ಗೋಡೆ ಬಡಿಯುವುದಿಲ್ಲ. ಅದನ್ನು ನಾನೇ ನನ್ನ ಕೈಯಾರೆ ಕಳೆದೆನಲ್ಲ ಅನ್ನಿಸಿತು.

ಮೊರ ತಂದು ಆರಿಸಲು ಕೂತೆ. ಒಂದು ಮೊರ ಮುಗಿಯುವ ಹೊತ್ತಿಗೆ ಸೊಂಟ ಹಿಡಿಯಿತು. ಅಲ್ಪಪ್ರಾಣ ಮಹಾಪ್ರಾಣಗಳನ್ನು ದೂರದಿಂದಲೇ ಹಿಡಿಯುವ ಕಣ್ಣು ನನ್ನದು ಅಂತ ಜಂಬ ಇತ್ತು. ಯಾವುದು ಯಾವುದೋ ಒಂದೂ ತಿಳಿಯಲಿಲ್ಲ. "ಗಾಳಿ ಬಂದು ಬೆರೆತುಹೋಯ್ತು ಅನ್ನೋಣ್ವಾ?" ಅಂದಳು ಮೇಘನಾ. ಒಂದು ನಿಮಿಷ ಯೋಚಿಸಿದೆ ಕೂಡ. ಕಲ್ಲು ಇಟ್ಟು ಟಾರ್ಪಾಲು ಹೊದಿಸುವ ಗಾಳಿ ಎಲ್ಲಾದರೂ ಉಂಟೇ?

ಸಂಜೆ ಆರಕ್ಕೆ ಶಾರದಮ್ಮ ಬಂದರು. ಟಾರ್ಪಾಲಿನ ಮೂಲೆ ಎತ್ತಿ ಒಂದು ಹಿಡಿ ಕಾಫಿ ತೆಗೆದುಕೊಂಡು ಅಂಗೈಯಲ್ಲಿ ಹರಡಿ ನೋಡಿದರು.

"ಯಾರು ಮಾಡಿದ್ದು ಇದು?"

"ನಾನೇ ಶಾರದಮ್ಮ."

ಶುರುವಾಯಿತು ನೋಡಿ. "ಕಣ್ಣಿರೋದು ಎಂತಕ್ಕೆ ಮಾರಾಯ್ತಿ? ಉದ್ದಕ್ಕಿರೋದು ಅರೇಬಿಕಾ, ಗುಂಡಗಿರೋದು ರೋಬಸ್ಟಾ. ಚಿಕ್ಕ ಮಕ್ಕಳಿಗೂ ಗೊತ್ತಾಗುತ್ತೆ! ನಿನ್ನ ಅಡುಗೆಮನೇಲಿ ರವೆ, ರಾಗಿಹಿಟ್ಟು ಎಲ್ಲ ಒಂದೇ ಡಬ್ಬಕ್ಕೆ ಸುರೀತೀಯಾ? ಅದು ಒಣಗಿ ಆಗಿತ್ತು, ಇದಕ್ಕಿನ್ನೂ ನಾಲ್ಕು ಬಿಸಿಲು ಬೇಕಿತ್ತು. ಇನ್ನೊಂದು ಟಾರ್ಪಾಲು ಹಿತ್ಲಲ್ಲಿ ತಂತಿ ಮೇಲೇ ಇತ್ತಲ್ಲೇ, ನೀಲಿದು! ಕಾಣ್ಲಿಲ್ವಾ?"

ಏಳು ತಿಂಗಳು 'ನೀವು' ಅಂದವರು ಒಂದೇ ಏಟಿಗೆ 'ನೀನು'ಗೆ ಇಳಿದಿದ್ದರು. ಪಕ್ಕದ ಮನೆಯವರು ಒಗೆದ ಬಟ್ಟೆ ತೆಗೆಯುವ ನೆಪದಲ್ಲಿ ಕಾಂಪೌಂಡಿಗೆ ಬಂದು ನಿಂತರು. ಪ್ರಕಾಶ ಆಗಷ್ಟೇ ಕೆಲಸದಿಂದ ಬಂದವನು ಗೇಟಿನಲ್ಲೇ ಹೆಲ್ಮೆಟ್ ತೆಗೆಯದೆ ನಿಂತ. (ಜಾಣ!)

ಬೈಗುಳ ಸ್ವಲ್ಪ ತಗ್ಗಿದಾಗ, ಅವರು ಹೇಳುವ ಮೊದಲೇ ನಾನೇ ಹೇಳಿಬಿಡುವುದು ಮರ್ಯಾದೆ ಅನ್ನಿಸಿತು. "ತಪ್ಪಾಯ್ತು ಶಾರದಮ್ಮ. ಈ ತಿಂಗಳ ಕೊನೇಲಿ ಮನೆ ಖಾಲಿ ಮಾಡ್ತೀವಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅವರ ಮುಖದಲ್ಲಿದ್ದ ಸಿಟ್ಟು ಹೋಗಿ, ಇವಳಿಗೆ ತಲೆ ಸರಿಯಿದೆಯಾ ಅನ್ನುವ ಅನುಮಾನ ಬಂದಿತ್ತು.

"ನೀನು ಖಾಲಿ ಮಾಡಿದ್ರೆ ಕಾಫಿ ಬೇರೆ ಆಗುತ್ತಾ?"

ಅಂಗೈಯಲ್ಲಿದ್ದ ಕಾಫಿಯನ್ನು ರಾಶಿಗೆ ಸುರಿದು ಟಾರ್ಪಾಲಿನ ಮೂಲೆ ಮುಚ್ಚಿದರು.

"ಎಲ್ಲ ಬೆರೆಸಿಟ್ಟು ಹೋಗ್ತಾಳಂತೆ! ಆರ್ಸೋರು ಯಾರು, ನಾನೊಬ್ಳೇನಾ? ನಾಳೆ ಭಾನುವಾರ. ಬೆಳಗ್ಗೆ ತಿಂಡಿ ತಿಂದು ಮೂರೂ ಜನ ಅಂಗಳಕ್ಕೆ ಬನ್ನಿ. ಗಂಡನ್ನೂ ಕರ್ಕೊಂಡ್ ಬಾ, ಕಾಫಿ ಫ್ಯಾಕ್ಟರೀಲಿ ಇದ್ದಾನೆ ಅಂತೀಯಲ್ಲ, ಏನು ಕಲ್ತಿದ್ದಾನೆ ನೋಡಣ."

ಹೇಳಿ ಒಳಗೆ ಹೋಗಿಬಿಟ್ಟರು. ನಾನು ಅಲ್ಲೇ ರಾಶಿಯ ಪಕ್ಕ ಕುಸಿದು ಕೂತು ನಕ್ಕೆ, ಅತ್ತೆ, ಎರಡೂ ಒಟ್ಟಿಗೇ ಬಂತು. ಹದಿನಾಲ್ಕು ವರ್ಷದಿಂದ ಎದೆಯ ಮೇಲೆ ಹೊತ್ತಿದ್ದ ಏನೋ ಒಂದು ಜಾರಿಹೋದ ಹಾಗಾಯಿತು. ಬೆಂಗಳೂರಿನಲ್ಲಿ ತಪ್ಪು ಮಾಡಿದರೆ ಮನೆ ಹೋಗುತ್ತಿತ್ತು. ಇಲ್ಲಿ ತಪ್ಪು ಮಾಡಿದರೆ ಕೂತು ಸರಿ ಮಾಡಬೇಕು. ಇಷ್ಟು ಸರಳ ವಿಷಯ ನನಗೆ ಮರೆತೇಹೋಗಿತ್ತಲ್ಲ!

ಭಾನುವಾರ ಇಡೀ ದಿನ ನಾವು ನಾಲ್ವರು ಅಂಗಳದಲ್ಲಿ ಕೂತೆವು. ಶಾರದಮ್ಮ ದೊಡ್ಡ ಜರಡಿ ತಂದರು. ಸಣ್ಣ ಗುಂಡಗಿನದು ಬಹುಪಾಲು ಕೆಳಗೆ ಬೀಳುತ್ತದೆ, ಉದ್ದದ್ದು ಮೇಲೆ ನಿಲ್ಲುತ್ತದೆ, ಮಿಕ್ಕಿದ್ದನ್ನು ಕೈಯಲ್ಲೇ ಆರಿಸಬೇಕು. ಮಧ್ಯಾಹ್ನ ಅವರೇ ಅಕ್ಕಿರೊಟ್ಟಿ, ಕಾಯಿ ಚಟ್ನಿ ತಂದರು. ಬೈಯುತ್ತಲೇ ಬಡಿಸಿದರು. ಮೇಘನಾಗೆ ಇನ್ನೊಂದು ರೊಟ್ಟಿ ಹಾಕುತ್ತಾ, "ನೀನಾದ್ರೂ ಕಲ್ತ್ಕೋ, ನಿಮ್ಮಮ್ಮನ ಹಾಗೆ ಆಗ್ಬೇಡ" ಅಂದರು. ನಷ್ಟ ನಾವು ಕಟ್ಟಿಕೊಡುತ್ತೇವೆ ಅಂತ ಪ್ರಕಾಶ ಬಾಯಿ ತೆರೆದ. "ಮಾತು ಕಮ್ಮಿ ಮಾಡಿ ಕೈ ಓಡ್ಸಪ್ಪ" ಅಂತ ಅವನಿಗೂ ಬಿತ್ತು.

ಚಿಕ್ಕ ಊರಿನವರೆಲ್ಲ ದೇವರು ಅಂತ ನಾನು ಬರೆಯುವುದಿಲ್ಲ. ನಿನ್ನೆ ಸಾರಿಗೆ ಒಗ್ಗರಣೆ ಹಾಕಿದೆನಾ ಇಲ್ಲವಾ ಅನ್ನುವುದೂ ಈ ಬೀದಿಗೆ ಗೊತ್ತು. ಒಂದೇ ಮಗು ಯಾಕೆ ಅಂತ ಮೂರು ಜನ ಕೇಳಿಯಾಗಿದೆ. ಕಾಫಿ ಬೆರೆಸಿದ ಸುದ್ದಿ ಸೋಮವಾರ ಹಾಲಿನ ಬೂತಿಗೆ ನನಗಿಂತ ಮೊದಲು ತಲುಪಿತ್ತು. "ನೀವೇನಾ ಅವ್ರು?" ಅಂತ ಕೇಳಿದರು. ಹೌದು ಸ್ವಾಮಿ, ನಾನೇ.

ಪೂರ್ತಿ ಆರಿಸಿ ಮುಗಿಯಲಿಲ್ಲ. ಎರಡು ಮೂಟೆ ಬೆರಕೆಯಾಗಿಯೇ ಉಳಿದಿದೆ. ಬರುವ ಭಾನುವಾರವೂ ನಮಗೆ ಅಂಗಳದಲ್ಲೇ ಡ್ಯೂಟಿ. ಮೊನ್ನೆ ಭಾನುವಾರ ಸಂಜೆ ಸೆರಗು ಕೊಡವಿಕೊಂಡು ಏಳುವಾಗ ಶಾರದಮ್ಮ ತೀರ್ಪು ಕೊಟ್ಟರು.

"ಬರೋ ವರ್ಷದಿಂದ ಅರೇಬಿಕಾನ ಟೆರೇಸ್ ಮೇಲೆ ಹಾಕ್ತೀನಿ. ನೀನು ಈ ಮನೇಲಿ ಇರೋ ತನಕ ಎರಡನ್ನೂ ಒಂದೇ ಕಡೆ ಹಾಕೋ ತಪ್ಪು ನಾನು ಮಾಡಲ್ಲ."

ನನ್ನ ಮೇಲಿನ ನಂಬಿಕೆ ಹೋಯಿತು, ನಾವು ಉಳಿದೆವು. ಇದಕ್ಕಿಂತ ಒಳ್ಳೆಯ ಡೀಲ್ ಬೆಂಗಳೂರಿನಲ್ಲಿ ಯಾರಿಗಾದರೂ ಸಿಕ್ಕಿದೆಯೇ?